ಒಮ್ಮೆ ಸ್ಟಾರ್ಟ್, ಒಮ್ಮೆ ಇಲ್ಲ: ಹಳೆಯ ಕಾರಿನ ಬಂದುಹೋಗುವ ದೋಷವನ್ನು ಹಿಡಿಯುವ ಬಗೆ

ಪ್ರಶ್ನೆ: ನನ್ನದು 2007ರ ವ್ಯಾಗನ್ ಆರ್ ಪೆಟ್ರೋಲ್ ಕಾರು. ಆಮೇಲೆ ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದ್ದು. ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿ ಇದ್ದೇನೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಕಲ್ಯಾಣ್-ಶೀಳ್ ರಸ್ತೆಯ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಓಡಿಸಿ, ಎಲ್ಲಾದರೂ 10–15 ನಿಮಿಷ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ಕೆಲವೊಮ್ಮೆ 'ಟಕ್' ಎಂಬ ಒಂದೇ ಸದ್ದು, ಮತ್ತೇನೂ ಇಲ್ಲ. ಕೆಲವೊಮ್ಮೆ ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಓಡಿಸುವುದೆಲ್ಲ ಗ್ಯಾಸ್‌ನಲ್ಲೇ, ಪೆಟ್ರೋಲ್ ಯಾವಾಗಲೂ ರಿಸರ್ವ್‌ನಲ್ಲಿ ಇರುತ್ತದೆ. ಬ್ಯಾಟರಿ ಹೊಸದು ಹಾಕಿಸಿದರೂ ವ್ಯತ್ಯಾಸವಾಗಲಿಲ್ಲ. ಒಬ್ಬ ಮೆಕ್ಯಾನಿಕ್ ಸೆಲ್ಫ್ ಮೋಟರ್ ಬದಲಿಸಿ ಅನ್ನುತ್ತಾರೆ, ಇನ್ನೊಬ್ಬರು ಟ್ಯಾಂಕಿನೊಳಗಿನ ಫ್ಯೂಯಲ್ ಪಂಪ್ ಹೋಗಿದೆ ಅನ್ನುತ್ತಾರೆ. ಗ್ಯಾರೇಜಿಗೆ ಒಯ್ದರೆ ದಿನವಿಡೀ ಸರಿಯಾಗಿ ಸ್ಟಾರ್ಟ್ ಆಗುತ್ತದೆ. ಚೌತಿಗೆ ಇದೇ ಕಾರಿನಲ್ಲಿ ಕುಂದಾಪುರಕ್ಕೆ ಹೋಗಬಹುದೇ?

ಉತ್ತರ: ಸದ್ಯಕ್ಕೆ ಸೆಲ್ಫ್ ಮೋಟರನ್ನೂ ಕೊಳ್ಳಬೇಡಿ, ಪಂಪನ್ನೂ ಕೊಳ್ಳಬೇಡಿ. ಇಬ್ಬರು ಮೆಕ್ಯಾನಿಕ್‌ಗಳೂ ಕಾರು ಸರಿ ಇದ್ದ ಹೊತ್ತಿನಲ್ಲಿ ಅದನ್ನು ನೋಡಿ ಊಹಿಸಿದ್ದಾರೆ. ಸರಿಯಾಗಿ ಸ್ಟಾರ್ಟ್ ಆಗುತ್ತಿರುವ ಕಾರಿನಲ್ಲಿ ಇಂಥ ದೋಷಕ್ಕೆ ಸಾಕ್ಷಿ ಸಿಗುವುದು ಕಷ್ಟ. ನಿಮ್ಮ ಕಾರಿನ ತೊಂದರೆ ಜೀವಂತ ಇರುವುದು ಆ ಅರ್ಧ ಗಂಟೆ ಮಾತ್ರ, ಆಗ ಕಾರಿನ ಬಳಿ ಇರುವವರು ನೀವು. ಹಾಗಾಗಿ ಪರೀಕ್ಷೆಯ ಮೊದಲ ಅರ್ಧವನ್ನು ನೀವೇ ಮಾಡಬೇಕು. ಅದಕ್ಕೆ ಬೇಕಾದ ಸಾಮಾನು ಗ್ಲೋವ್ ಬಾಕ್ಸಿನಲ್ಲಿ ಹಿಡಿಸುತ್ತದೆ.

ನೀವು ಬರೆದದ್ದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ ಎಂಬುದನ್ನು ಮೊದಲು ಗಮನಿಸಿ. ಸೆಲ್ಫ್ ತಿರುಗದೆ ಇರುವುದು ಒಂದು. ಸೆಲ್ಫ್ ತಿರುಗಿಯೂ ಎಂಜಿನ್ ಹಿಡಿಯದೆ ಇರುವುದು ಇನ್ನೊಂದು. ಮೊದಲನೆಯದರಲ್ಲಿ ಪೆಟ್ರೋಲು, ಪ್ಲಗ್ಗು, ಸೆನ್ಸರುಗಳಿಗೆ ಸಂಬಂಧವೇ ಇಲ್ಲ. ಎರಡನೆಯದರಲ್ಲಿ ಸೆಲ್ಫ್ ಮೋಟರ್ ಸಾಮಾನ್ಯವಾಗಿ ನಿರ್ದೋಷಿ. ಎರಡನ್ನೂ ಬೆರೆಸಿ 'ಸ್ಟಾರ್ಟಿಂಗ್ ಪ್ರಾಬ್ಲಂ' ಎಂದು ಹೇಳಿದ್ದರಿಂದಲೇ ಇಬ್ಬರಿಂದ ಎರಡು ಉತ್ತರ ಬಂದಿದೆ. ಇವತ್ತಿನಿಂದ ಪ್ರತಿ ಸಲ ಕೈಕೊಟ್ಟಾಗ ಒಂದು ಚೀಟಿಯಲ್ಲಿ ಬರೆದಿಡಿ: ತಿರುಗಿತೋ ಇಲ್ಲವೋ, ಎಷ್ಟು ಹೊತ್ತು ಓಡಿತ್ತು, ಎಷ್ಟು ಹೊತ್ತು ನಿಂತಿತ್ತು, ನಿಲ್ಲಿಸುವಾಗ ಗ್ಯಾಸ್‌ನಲ್ಲಿತ್ತೋ ಪೆಟ್ರೋಲ್‌ನಲ್ಲೋ, ಮಳೆ ಇತ್ತೋ ಇಲ್ಲವೋ.

ಹಾಗಂತ ಎರಡಕ್ಕೂ ಒಂದೇ ಮೂಲ ಇರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಅರ್ತಿಂಗ್ (ಬ್ಯಾಟರಿಯ ನೆಗೆಟಿವ್‌ನಿಂದ ಕಾರಿನ ಬಾಡಿಗೂ ಎಂಜಿನ್ನಿಗೂ ಇರುವ ಜೋಡಣೆ) ಸಡಿಲವಾಗಿದ್ದರೆ ಒಂದು ಸಲ ಸೆಲ್ಫ್ ತಿರುಗುವುದೇ ಇಲ್ಲ. ಇನ್ನೊಂದು ಸಲ ಹೇಗೋ ತಿರುಗುತ್ತದೆ, ಆದರೆ ಆಗ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಸಿಗುವ ವೋಲ್ಟೇಜ್ ತೀರಾ ಕೆಳಗಿಳಿದು ಅದು ಕಿಡಿಯನ್ನಾಗಲಿ ಪೆಟ್ರೋಲನ್ನಾಗಲಿ ಸರಿಯಾಗಿ ಕೊಡಲಾರದು. ಸವೆದ ಇಗ್ನಿಷನ್ ಸ್ವಿಚ್ಚೂ ಇದೇ ಆಟ ಆಡುತ್ತದೆ. ಹೀಗಾಗಿ ಕರೆಂಟಿನ ದಾರಿಯನ್ನು ಮೊದಲು ನೋಡಬೇಕು, ಉಳಿದದ್ದೆಲ್ಲ ಆಮೇಲೆ.

ಕಾರಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಇಷ್ಟು: ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ (ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುವ ಅಗ್ಗದ್ದೇ ಸಾಕು, ಡಿಸಿ 20 ವೋಲ್ಟ್ ರೇಂಜ್ ಇರಲಿ), ಇಂಡಿಕೇಟರಿಗೆ ಹಾಕುವ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸೆದು ತುದಿಗೆ ಕ್ಲಿಪ್ ಸಿಕ್ಕಿಸಿದ ಟೆಸ್ಟ್ ಲ್ಯಾಂಪ್, 3 ಮೀಟರ್ ವೈರು, 10 ಮತ್ತು 12ರ ಸ್ಪ್ಯಾನರ್, ಕೆಲವು ಫ್ಯೂಸು, ಒಂದು ಹೆಚ್ಚುವರಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು), ಒಂದು ಬಾಟಲಿ ನೀರು, ಹಳೆಯ ಬಟ್ಟೆ. ಎಲ್‌ಇಡಿ ಇರುವ ಟೆಸ್ಟರ್ ಈ ಕೆಲಸಕ್ಕೆ ಬೇಡ. ಅದು ಅತಿ ಕಡಿಮೆ ಕರೆಂಟಿಗೂ ಹೊಳೆಯುತ್ತದೆ. 21 ವ್ಯಾಟ್ ಬಲ್ಬು ಸುಮಾರು 1.75 ಆಂಪಿಯರ್ ಎಳೆಯುವುದರಿಂದ ತುಕ್ಕು ಹಿಡಿದ ವೈರಿನಲ್ಲಿ ಮಂಕಾಗಿ ನಿಜ ಹೇಳುತ್ತದೆ. ಆದರೆ ಇದೇ ಬಲ್ಬನ್ನು ಇಸಿಯು ಅಥವಾ ಸೆನ್ಸರಿನ ವೈರುಗಳಿಗೆ ಎಂದೂ ತಾಗಿಸಬೇಡಿ, ಒಳಗಿನ ಸರ್ಕ್ಯೂಟ್ ಸುಟ್ಟೀತು.

ಯಾವ ಪರೀಕ್ಷೆಗೂ ಮೊದಲು ಗೇರ್ ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್‌ಬ್ರೇಕ್ ಎಳೆದಿದೆ ಎಂದು ನೋಡಿಕೊಳ್ಳಿ. ಗ್ಯಾಸಿನ ವಾಸನೆ ಬರುತ್ತಿದ್ದರೆ ಏನನ್ನೂ ಪರೀಕ್ಷಿಸಬೇಡಿ. ಸಿಲಿಂಡರಿನ ಕೈವಾಲ್ವ್ ಮುಚ್ಚಿ, ಬಾಗಿಲು ತೆರೆದಿಟ್ಟು, ದೂರ ನಿಲ್ಲಿ.

ಸೆಲ್ಫ್ ತಿರುಗದಿದ್ದಾಗ

ಕಿವಿಗೆ ಕೇಳುವ ಸದ್ದೇ ಅರ್ಧ ಪರೀಕ್ಷೆ. 'ಟಕ್‌ಟಕ್‌ಟಕ್‌ಟಕ್' ಎಂದು ಬಿಡದೆ ಬಡಿದುಕೊಂಡರೆ ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ ಅಥವಾ ಟರ್ಮಿನಲ್ ಸಡಿಲ. ಒಂದೇ ಒಂದು ಗಟ್ಟಿ 'ಟಕ್' ಬಂದರೆ ಸೊಲೆನಾಯ್ಡ್ (ಸೆಲ್ಫ್ ಮೋಟರಿನ ಮೇಲಿರುವ ವಿದ್ಯುತ್‌ಕಾಂತದ ಸ್ವಿಚ್ಚು) ಎಳೆದಿದೆ, ಆದರೆ ಮೋಟರಿಗೆ ಕರೆಂಟ್ ಹೋಗಿಲ್ಲ. ಬಾನೆಟ್ಟಿನ ಕಡೆಯಿಂದ ಸದ್ದೇ ಇಲ್ಲದೆ ಡ್ಯಾಶ್‌ಬೋರ್ಡಿನ ಒಳಗಿನಿಂದ ಸಣ್ಣ 'ಟಿಕ್' ಮಾತ್ರ ಬಂದರೆ ರಿಲೇ ಕೆಲಸ ಮಾಡಿದೆ, ಸೊಲೆನಾಯ್ಡ್‌ಗೆ ಆದೇಶ ತಲುಪಿಲ್ಲ. 'ಗುಂಯ್' ಎಂದು ಮೋಟರ್ ಬರಿದೇ ಸುತ್ತಿದರೆ ಬೆಂಡಿಕ್ಸ್ (ಮೋಟರನ್ನು ಎಂಜಿನ್ನಿಗೆ ಕೂಡಿಸುವ ಗೇರು) ಜಾರುತ್ತಿದೆ. ನಿಮ್ಮ 'ಟಕ್' ಎಲ್ಲಿಂದ ಬರುತ್ತದೆ ಎಂದು ಇನ್ನೊಬ್ಬರನ್ನು ಬಾನೆಟ್ಟಿನ ಬಳಿ ನಿಲ್ಲಿಸಿ ಕೇಳಿಸಿಕೊಳ್ಳಿ. ಇಷ್ಟರಿಂದಲೇ ಹುಡುಕಾಟ ಎಷ್ಟೋ ಕಡಿಮೆಯಾಗುತ್ತದೆ.

ಆಮೇಲೆ ಹೆಡ್‌ಲೈಟ್ ಹಾಕಿಟ್ಟು ಕೀಯನ್ನು ಸ್ಟಾರ್ಟ್‌ಗೆ ತಿರುಗಿಸಿ. ದೀಪ ಪೂರ್ತಿ ಆರಿಹೋದರೆ ದೋಷ ಬ್ಯಾಟರಿ, ಟರ್ಮಿನಲ್ ಅಥವಾ ಮುಖ್ಯ ಅರ್ತಿಂಗ್‌ನಲ್ಲಿ. ದೀಪಕ್ಕೆ ಏನೂ ಆಗದಿದ್ದರೆ ಸೆಲ್ಫ್ ಮೋಟರ್ ಕರೆಂಟನ್ನೇ ಎಳೆದಿಲ್ಲ: ಸ್ವಿಚ್, ಟ್ರಿಗರ್ ವೈರ್, ಸೊಲೆನಾಯ್ಡ್ ಇಲ್ಲವೇ ಸವೆದ ಕಾರ್ಬನ್ (ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಬ್ರಷ್ಷು). ದೀಪ ತುಂಬಾ ಮಂಕಾಗಿ ಹಾಗೇ ನಿಂತರೆ ಮೋಟರ್ ಜಾಮ್ ಆಗಿ ಕರೆಂಟ್ ತಿನ್ನುತ್ತಿದೆ.

ಹೊಸ ಬ್ಯಾಟರಿ ಹಾಕಿಸಿದ್ದೀರಿ ಎಂದಮಾತ್ರಕ್ಕೆ ಬ್ಯಾಟರಿ ಅನುಮಾನದಿಂದ ಹೊರಗಾಗುವುದಿಲ್ಲ, ಅದು ಚಾರ್ಜ್ ಆಗುತ್ತಿರಬೇಕಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ 12.6 ವೋಲ್ಟಿನ ಆಸುಪಾಸು ಇರಬೇಕು. 12.2 ಇದ್ದರೆ ಅರ್ಧ ಚಾರ್ಜು ಎಂದರ್ಥ. ಎಂಜಿನ್ ಓಡುವಾಗ 13.8ರಿಂದ 14.5. ಸೆಲ್ಫ್ ತಿರುಗುವಾಗ ಬ್ಯಾಟರಿಯ ಮೇಲೆ 10ಕ್ಕಿಂತ ಹೆಚ್ಚಿದ್ದರೆ ನೆಮ್ಮದಿ, 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿಯನ್ನು ಲೋಡ್ ಹಾಕಿ ಪರೀಕ್ಷಿಸಬೇಕು. ಈ ಅಳತೆಗಳನ್ನು ಬ್ಯಾಟರಿಯ ಸೀಸದ ಕಂಬದ ಮೇಲೇ ತೆಗೆಯಿರಿ, ಕ್ಲ್ಯಾಂಪಿನ ಮೇಲಲ್ಲ. ಕಂಬಕ್ಕೂ ಕ್ಲ್ಯಾಂಪಿಗೂ ನಡುವಿನ ತೆಳು ಆಕ್ಸೈಡ್ ಪೊರೆಯೇ ಎಷ್ಟೋ ಸಲ ಕಳ್ಳ.

ಈಗ ಮುಖ್ಯ ಪರೀಕ್ಷೆ, ವೋಲ್ಟೇಜ್ ಡ್ರಾಪ್: ಕರೆಂಟ್ ಹರಿಯುವಾಗ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಎಂಬ ಅಳತೆ. ಹಳೆಯ ಕಾರಿನಲ್ಲಿ ಇದಕ್ಕಿಂತ ಉಪಯುಕ್ತವಾದ ಅಳತೆ ಇನ್ನೊಂದಿಲ್ಲ, ಗ್ಯಾರೇಜುಗಳಲ್ಲಿ ಅಪರೂಪಕ್ಕೂ ಮಾಡದ ಅಳತೆಯೂ ಇದೇ. ಸಣ್ಣ ಪೆಟ್ರೋಲ್ ಎಂಜಿನ್ನಿನ ಸೆಲ್ಫ್ ಸುಮಾರು 80ರಿಂದ 150 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್ ಹರಿಯುವ ದಾರಿಯಲ್ಲಿ ಒಂದು ಓಮ್‌ನ ನೂರರಲ್ಲೊಂದು ಭಾಗ ಅಡ್ಡಿ ಇದ್ದರೂ 1 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಅಷ್ಟು ಸಣ್ಣ ಅಡ್ಡಿಯನ್ನು ಮೀಟರಿನ ಓಮ್ ರೇಂಜ್ ತೋರಿಸಲಾರದು, ಮೀಟರಿನ ಲೀಡುಗಳ ಅಡ್ಡಿಯೇ ಅದಕ್ಕಿಂತ ಹೆಚ್ಚು. ಕರೆಂಟ್ ಹರಿಯದಾಗ ಕೇಬಲ್ಲಿನ ತುದಿಯಲ್ಲಿ 12 ವೋಲ್ಟ್ ಕಂಡು ಕೇಬಲ್ ಸರಿಯಿದೆ ಎನ್ನುವುದು, ರಾತ್ರಿ 2 ಗಂಟೆಗೆ ಡೊಂಬಿವಲಿ ಸ್ಟೇಷನ್ನಿನ ಸೇತುವೆ ನೋಡಿ ಜನಕ್ಕೆ ಸಾಕಷ್ಟು ಅಗಲವಿದೆ ಎಂದ ಹಾಗೆ.

ಮಾಡುವ ಕ್ರಮ ಹೀಗೆ. ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದಿಟ್ಟರೆ ಎಂಜಿನ್ ಹಿಡಿಯುವುದಿಲ್ಲ, ಬರೀ ತಿರುಗುತ್ತದೆ. ಮೊದಲೆರಡು ಸೆಲ್ಫ್‌ಗೆ ಪೈಪಿನಲ್ಲಿ ಉಳಿದ ಪೆಟ್ರೋಲಿನಿಂದ ಒಂದಷ್ಟು ಕೆಮ್ಮಬಹುದು. ಗ್ಯಾಸ್ ಸ್ವಿಚ್ಚು ಪೆಟ್ರೋಲ್ ಸ್ಥಾನದಲ್ಲಿರಲಿ. ಮೀಟರಿನ ಕೆಂಪು ಲೀಡನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಕಪ್ಪು ಲೀಡನ್ನು ಸೆಲ್ಫ್ ಮೋಟರಿನ ದಪ್ಪ ಕೇಬಲ್ಲಿನ ಬೋಲ್ಟಿಗೂ ಒತ್ತಿ ಹಿಡಿದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಓದಿಕೆ 0.5 ವೋಲ್ಟ್ ಮೀರಬಾರದು. ಆಮೇಲೆ ಬ್ಯಾಟರಿಯ ನೆಗೆಟಿವ್ ಕಂಬದಿಂದ ಸೆಲ್ಫ್ ಮೋಟರಿನ ಬಾಡಿಗೆ. ಇಲ್ಲಿ 0.2–0.3ಕ್ಕಿಂತ ಹೆಚ್ಚು ಇರಬಾರದು. ಹೆಚ್ಚಿದ್ದರೆ ಒಂದೊಂದೇ ಜಾಯಿಂಟ್ ದಾಟುತ್ತ ಬನ್ನಿ: ಕಂಬದಿಂದ ಕ್ಲ್ಯಾಂಪಿಗೆ, ಕೇಬಲ್ಲಿನಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ. ಯಾವ ಒಂದು ಜಾಯಿಂಟಿನಲ್ಲೂ 0.1 ವೋಲ್ಟಿಗಿಂತ ಹೆಚ್ಚು ಬೀಳಬಾರದು. ಎಲ್ಲಿ ಬೀಳುತ್ತದೋ ಅಲ್ಲೇ ಬಿಚ್ಚಿ, ಎಮೆರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದು ನಿಮಿಷವಾದರೂ ಬಿಡುವು ಕೊಡಿ.

ಕೊಂಕಣದ ಮಳೆಗಾಲ ಕಂಡ ಕಾರಿನಲ್ಲಿ ಅರ್ತಿಂಗ್ ಪಟ್ಟಿಯನ್ನು ಹೊರಗಿನಿಂದ ನೋಡಿ ನಂಬಬೇಡಿ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಸರಿಯಾಗಿಯೇ ಇರುತ್ತದೆ, ಒಳಗಿನ ತಾಮ್ರದ ಎಳೆಗಳು ಹಸಿರು ಪುಡಿಯಾಗಿರುತ್ತವೆ. ಎಂಜಿನ್ ಅರ್ತಿಂಗ್ ಕೆಟ್ಟಿರುವುದಕ್ಕೆ ಮೀಟರಿಲ್ಲದ ಗುರುತೂ ಒಂದಿದೆ. ಸೆಲ್ಫ್ ಹೊಡೆದ ಮೇಲೆ ಆಕ್ಸಿಲರೇಟರ್ ಅಥವಾ ಕ್ಲಚ್ ಕೇಬಲ್ ಮುಟ್ಟಿದರೆ ಬಿಸಿ ಇರುತ್ತದೆ, ಏಕೆಂದರೆ ದಾರಿ ಸಿಗದ ಕರೆಂಟು ಆ ಕೇಬಲ್ಲಿನ ಮೂಲಕವೇ ವಾಪಸಾಗಿರುತ್ತದೆ. ಕೇಬಲ್ ಪದೇ ಪದೇ ಬಿಗಿಯಾಗಿ ಹಿಡಿಯುವ ಹಳೆಯ ಕಾರುಗಳಲ್ಲಿ ಇದನ್ನೊಮ್ಮೆ ನೋಡುವುದು ಒಳ್ಳೆಯದು.

ಕೇಬಲ್ಲುಗಳು ಸರಿಯಿದ್ದರೆ ಮುಂದಿನದು ಟ್ರಿಗರ್ ವೈರ್, ಅಂದರೆ ಕೀ ತಿರುಗಿಸಿದಾಗ ಸೊಲೆನಾಯ್ಡ್‌ಗೆ ಆದೇಶ ಒಯ್ಯುವ ತೆಳು ವೈರು. ನಿಮ್ಮ ಲಕ್ಷಣಕ್ಕೆ, ಬಿಸಿಯಲ್ಲಿ ಮಾತ್ರ ಕೈಕೊಡುವುದಕ್ಕೆ, ನನಗೆ ಹೆಚ್ಚು ಅನುಮಾನ ಇರುವುದು ಇದರ ಮೇಲೆ. ಕಾರಣ ಸರಳ. ತಾಮ್ರದ ಅಡ್ಡಿ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39% ಏರುತ್ತದೆ. ಬೆಳಿಗ್ಗೆ 30 ಡಿಗ್ರಿ ಇದ್ದ ಸೊಲೆನಾಯ್ಡಿನ ಸುರುಳಿ, ಟ್ರಾಫಿಕ್ಕಿನಲ್ಲಿ ಕಾದು ನಿಂತ ಎಂಜಿನ್ನಿನ ಪಕ್ಕ 90 ಡಿಗ್ರಿ ಮುಟ್ಟಿದರೆ ಅದರ ಅಡ್ಡಿ ಹತ್ತಿರ ಹತ್ತಿರ ಕಾಲು ಭಾಗ ಹೆಚ್ಚಾಗಿರುತ್ತದೆ. ಅದರಿಂದ ಹರಿಯುವ ಕರೆಂಟು ಸುಮಾರು ಐದನೇ ಒಂದು ಭಾಗ ಇಳಿದು ಎಳೆಯುವ ಶಕ್ತಿ ಕುಂದುತ್ತದೆ. ಜೊತೆಗೆ ಹಳೆಯ ಇಗ್ನಿಷನ್ ಸ್ವಿಚ್ಚಿನ ಸುಟ್ಟ ಕಾಂಟ್ಯಾಕ್ಟುಗಳಲ್ಲಿ 2–3 ವೋಲ್ಟ್ ಸೋರಿದರೆ ತಣ್ಣಗಿದ್ದಾಗ ಎಳೆಯುವ ಸೊಲೆನಾಯ್ಡ್ ಬಿಸಿಯಲ್ಲಿ ಪೂರ್ತಿ ಎಳೆಯುವುದಿಲ್ಲ. ಗಾಡಿ ನಿಂತ ಮೇಲೆ ಮೊದಲ 10–20 ನಿಮಿಷ ಬಾನೆಟ್ಟಿನೊಳಗಿನ ಬಿಸಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ, ಏಕೆಂದರೆ ಫ್ಯಾನೂ ಇಲ್ಲ, ಗಾಳಿಯೂ ಇಲ್ಲ. ನಿಮ್ಮ ಸಮಯದ ಲೆಕ್ಕ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಪರೀಕ್ಷಿಸಲು, ಕಾರು ಕೈಕೊಟ್ಟ ಹೊತ್ತಿನಲ್ಲೇ ಸೊಲೆನಾಯ್ಡಿನ ತೆಳು ವೈರಿನ ಕನೆಕ್ಟರಿಗೆ, ಅದು ಸಿಕ್ಕಿಸಿಯೇ ಇರುವಾಗ ಹಿಂಬದಿಯಿಂದ, ಮೀಟರ್ ಹಚ್ಚಿ ಕೀ ತಿರುಗಿಸಿ. ಬ್ಯಾಟರಿಯಲ್ಲಿ 12 ಇದ್ದು ಇಲ್ಲಿ 11ಕ್ಕಿಂತ ಹೆಚ್ಚಿದ್ದರೆ ಆದೇಶ ತಲುಪಿದೆ, ದೋಷ ಸೆಲ್ಫ್ ಮೋಟರಿನದು. 8–9 ಇದ್ದರೆ ಅಥವಾ ಏನೂ ಇಲ್ಲದಿದ್ದರೆ ದೋಷ ಹಿಂದೆ ಎಲ್ಲೋ: ಸ್ವಿಚ್ಚು, ಕನೆಕ್ಟರು, ರಿಲೇ ಇದ್ದರೆ ರಿಲೇ. ಯಾರೋ ಹಿಂದೆ ಹಾಕಿ ಬಿಟ್ಟ ಸೆಂಟ್ರಲ್ ಲಾಕಿಂಗ್ ಅಲಾರಂ ಇದ್ದರೆ ಅದನ್ನೂ ಮರೆಯಬೇಡಿ. ಹೊರಗಡೆ ಹಾಕಿದ ಅಗ್ಗದ ಅಲಾರಂಗಳು ಸ್ಟಾರ್ಟರ್ ವೈರನ್ನು ಕತ್ತರಿಸಿ ನಡುವೆ ತಮ್ಮ ರಿಲೇ ಕೂರಿಸಿರುತ್ತವೆ. ಸ್ಟೀರಿಂಗ್ ಕೆಳಗೆ ಟೇಪು ಸುತ್ತಿದ ಆ ಜಾಯಿಂಟು ವರ್ಷಗಳ ನಂತರ ಬಿಟ್ಟುಕೊಳ್ಳುತ್ತದೆ.

ಸ್ವಿಚ್ಚಿನಲ್ಲಿ ವೋಲ್ಟೇಜ್ ಬೀಳುತ್ತಿದೆ ಎಂದು ಖಚಿತವಾದರೆ ಸ್ವಿಚ್ಚಿನ ಹಿಂಭಾಗದ ಕಾಂಟ್ಯಾಕ್ಟ್ ಭಾಗವನ್ನು ಬದಲಿಸಬಹುದು. ಅದರ ಜೊತೆಗೆ ಒಂದು ರಿಲೇಯನ್ನೂ ಸೇರಿಸಿದರೆ ಹೊಸ ಸ್ವಿಚ್ಚೂ ಹೆಚ್ಚು ಬಾಳುತ್ತದೆ. ನಾಲ್ಕು ಕಾಲಿನ 12 ವೋಲ್ಟ್ 40 ಆಂಪಿಯರ್ ರಿಲೇ ಸಾಕು. 86ಕ್ಕೆ ಈಗ ಸೊಲೆನಾಯ್ಡ್‌ಗೆ ಹೋಗುತ್ತಿರುವ ವೈರು, 85ಕ್ಕೆ ಅರ್ತಿಂಗ್, 30ಕ್ಕೆ ಬ್ಯಾಟರಿಯಿಂದ 30 ಆಂಪಿಯರ್ ಫ್ಯೂಸಿನ ಮೂಲಕ ಹೊಸ ವೈರು, 87ರಿಂದ ಸೊಲೆನಾಯ್ಡ್. 30 ಮತ್ತು 87ರ ವೈರು 4 ಚದರ ಮಿಲಿಮೀಟರಿನದ್ದಿರಲಿ. ಫ್ಯೂಸನ್ನು ಬ್ಯಾಟರಿಯ ಹತ್ತಿರವೇ ಕೂರಿಸಿ.

ಆದೇಶ ತಲುಪಿಯೂ ಮೋಟರ್ ತಿರುಗದಿದ್ದರೆ ಸೆಲ್ಫ್ ಮೋಟರಿನ ಬಾಡಿಗೆ ವೀಲ್ ಸ್ಪ್ಯಾನರಿನಿಂದ ಹಗುರವಾಗಿ ಎರಡೇಟು ಕೊಟ್ಟು ಮತ್ತೆ ಕೀ ತಿರುಗಿಸಿ. ತಿರುಗಿದರೆ ಕಾರ್ಬನ್ ಸವೆದಿದೆ ಅಥವಾ ಸೊಲೆನಾಯ್ಡಿನೊಳಗಿನ ತಾಮ್ರದ ಕಾಂಟ್ಯಾಕ್ಟುಗಳು ಗುಳಿಬಿದ್ದಿವೆ. ಇವೆರಡಕ್ಕೂ ಇಡೀ ಮೋಟರ್ ಬದಲಿಸಬೇಕಿಲ್ಲ. ಅನುಭವಿ ಆಟೋ ಎಲೆಕ್ಟ್ರಿಷಿಯನ್ ಕಾರ್ಬನ್, ಬುಷ್, ಕಾಂಟ್ಯಾಕ್ಟ್ ಹಾಕಿಕೊಡುತ್ತಾರೆ. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಹಳೆಯ ಮೋಟರ್ ಕೊಟ್ಟು 'ರೀಕಂಡಿಷನ್' ಮಾಡಿದ್ದನ್ನು ತರುವುದಕ್ಕಿಂತ ನಿಮ್ಮದೇ ಮೂಲ ಮೋಟರನ್ನು ಕಣ್ಣೆದುರು ರಿಪೇರಿ ಮಾಡಿಸುವುದು ಮೇಲು. ಬೇರೆಯವರ ಮೋಟರಿನ ಆರ್ಮೇಚರ್ (ಒಳಗೆ ತಿರುಗುವ ಭಾಗ) ಎಷ್ಟು ಸವೆದಿದೆಯೋ ಯಾರಿಗೆ ಗೊತ್ತು.

ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ

ಇಲ್ಲಿ ನಿಮಗೆ ಬರೀ ಪೆಟ್ರೋಲ್ ಕಾರಿನವರಿಗೆ ಇಲ್ಲದ ಒಂದು ಅನುಕೂಲ ಇದೆ: ಎರಡು ಇಂಧನ. ಎಂಜಿನ್ ಬಿಸಿಯಿದ್ದು ಪೆಟ್ರೋಲಿನಲ್ಲಿ ಹಿಡಿಯದಿದ್ದಾಗ ನೇರವಾಗಿ ಗ್ಯಾಸ್‌ನಲ್ಲಿ ಸ್ಟಾರ್ಟ್ ಮಾಡಿ ನೋಡಿ. ಹಲವು ಸೀಕ್ವೆನ್ಷಿಯಲ್ ಕಿಟ್‌ಗಳಲ್ಲಿ (ಗ್ಯಾಸಿಗೂ ಬೇರೆ ಇಂಜೆಕ್ಟರುಗಳಿರುವ ಕಿಟ್) ಇಂಧನ ಬದಲಿಸುವ ಚೇಂಜೋವರ್ ಬಟನ್ ಒತ್ತಿಹಿಡಿದು ಕೀ ಆನ್ ಮಾಡಿದರೆ ಇದು ಸಾಧ್ಯ. ಹಳೆಯ ಮಿಕ್ಸರ್ ಕಿಟ್‌ಗಳಲ್ಲಿ ಸ್ವಿಚ್ಚನ್ನು ಗ್ಯಾಸ್ ಕಡೆಗೆ ತಳ್ಳಿದರಾಯಿತು. ನಿಮ್ಮ ಕಿಟ್‌ನಲ್ಲಿ ಹೇಗೆ ಎಂದು ಹಾಕಿಕೊಟ್ಟವರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಗ್ಯಾಸ್‌ನಲ್ಲಿ ತಕ್ಷಣ ಹಿಡಿದರೆ ಕಿಡಿ, ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್, ಇಸಿಯು ಎಲ್ಲವೂ ಸರಿ. ದೋಷ ಪೆಟ್ರೋಲಿನ ಕಡೆಯದು. ಎರಡರಲ್ಲೂ ಹಿಡಿಯದಿದ್ದರೆ ಪಂಪಿನ ಚಿಂತೆ ಬಿಡಿ, ಎರಡಕ್ಕೂ ಬೇಕಾದ ಭಾಗಗಳನ್ನು ನೋಡಿ. ಪಂಪ್ ಹೋಗಿದೆ ಎಂದ ಮೆಕ್ಯಾನಿಕ್ ಈ ಒಂದು ಪರೀಕ್ಷೆ ಮಾಡಿದ್ದರೆ ಚರ್ಚೆಯೇ ಇರುತ್ತಿರಲಿಲ್ಲ. ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಮಾತ್ರ ಇದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಗ್ಯಾಸಿನ ಒತ್ತಡ ಇಳಿಸುವ ರಿಡ್ಯೂಸರಿಗೆ ಎಂಜಿನ್ನಿನ ಬಿಸಿನೀರು ಬರುವ ಮೊದಲೇ ಗ್ಯಾಸ್ ಹರಿದರೆ ರಿಡ್ಯೂಸರ್ ಹೆಪ್ಪುಗಟ್ಟಿ ಅದರ ರಬ್ಬರ್ ಡಯಾಫ್ರಂ ಬೇಗ ಹಾಳಾಗುತ್ತದೆ.

ಪೆಟ್ರೋಲಿನ ಕಡೆಯದೇ ದೋಷ ಎಂದಾದರೆ, ಪೆಟ್ರೋಲ್ ಸದಾ ರಿಸರ್ವ್‌ನಲ್ಲಿ ಎಂದು ನೀವು ಬರೆದ ಆ ಒಂದು ವಾಕ್ಯವೇ ಮುಖ್ಯ ಸುಳಿವು. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ. ಹಲವು ಕಿಟ್‌ಗಳಲ್ಲಿ ಗ್ಯಾಸ್‌ನಲ್ಲಿ ಓಡುವಾಗಲೂ ಪಂಪ್ ತಿರುಗುತ್ತಲೇ ಇರುತ್ತದೆ; ಎರಡು-ಮೂರು ಲೀಟರ್ ಪೆಟ್ರೋಲಿನಲ್ಲಿ ತಿಂಗಳುಗಟ್ಟಲೆ ತಿರುಗಿದ ಪಂಪು ಬೆಂದುಹೋಗುತ್ತದೆ. ಅದಲ್ಲದೆ ಈಗ ಬಂಕುಗಳಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮುಕ್ಕಾಲು ಪಾಲು ಖಾಲಿ ಇರುವ ಟ್ಯಾಂಕಿನಲ್ಲಿ, ನಮ್ಮ ಕಡಲ ಕರೆಯ ಹವೆಯಲ್ಲಿ, ತಿಂಗಳಾನುಗಟ್ಟಲೆ ನಿಂತ ಪೆಟ್ರೋಲಿನ ತಳದಲ್ಲಿ ನೀರು-ಎಥನಾಲ್ ಬೇರ್ಪಟ್ಟು ಕೂರಬಹುದು. ಪಂಪ್ ಹೀರುವುದೂ ತಳದಿಂದಲೇ.

ಗ್ಯಾಸ್ ಕಾರಿನ ಇನ್ನೊಂದು ವಿಶೇಷ: ಗ್ಯಾಸ್‌ನಲ್ಲಿ ಮುಕ್ಕಾಲು ಗಂಟೆ ಓಡಿದಷ್ಟೂ ಹೊತ್ತು ಇಂಜೆಕ್ಟರ್ ರೈಲಿನಲ್ಲಿರುವ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಲ್ಲಿರುವ) ಪೆಟ್ರೋಲು ಬಳಕೆಯಾಗದೆ ಎಂಜಿನ್ನಿನ ಬಿಸಿಗೆ ಕಾಯುತ್ತಿರುತ್ತದೆ. ಗಾಡಿ ನಿಂತ ಮೇಲೆ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವುದು) ಸೋರಿ ಒತ್ತಡ ಇಳಿದರೆ ಆ ಬಿಸಿ ಪೆಟ್ರೋಲ್ ಆವಿಯಾಗುತ್ತದೆ. ಆಮೇಲೆ ಸೆಲ್ಫ್ ಹೊಡೆದಾಗ ಇಂಜೆಕ್ಟರಿನಿಂದ ಬರುವುದು ಆವಿ. ಅರ್ಧ ಗಂಟೆಯಲ್ಲಿ ತಣಿದರೆ ಎಲ್ಲವೂ ಸರಿ. ಇದನ್ನು ಕಂಡುಹಿಡಿಯಲು ಕೈಕೊಟ್ಟಾಗ ಸೆಲ್ಫ್ ಹೊಡೆಯದೆ ಕೀಯನ್ನು ಆನ್ ಮಾಡಿ 3 ಸೆಕೆಂಡ್ ಬಿಟ್ಟು ಆಫ್ ಮಾಡಿ, ಹೀಗೆ ಮೂರು-ನಾಲ್ಕು ಸಲ ಮಾಡಿ. ಪ್ರತಿ ಸಲವೂ ಪಂಪ್ 2–3 ಸೆಕೆಂಡ್ ತಿರುಗಿ ಒತ್ತಡ ಕಟ್ಟುತ್ತದೆ. ಆಮೇಲೆ ಸೆಲ್ಫ್‌ಗೆ ಹಿಡಿದರೆ ಒತ್ತಡ ಇಳಿಯುವ ದೋಷ ಎಂದು ತಿಳಿಯಿರಿ. ಗೇಜ್ ಇರುವವರು ರೈಲಿಗೆ ಜೋಡಿಸಿ ನೋಡಿದರೆ ಇಂಥ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 2.5ರಿಂದ 3 ಬಾರ್ ಬರಬೇಕು, ಆಫ್ ಮಾಡಿದ ಮೇಲೂ ಒಂದಷ್ಟು ಹೊತ್ತು ನಿಲ್ಲಬೇಕು.

ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಪಂಪಿನ 'ಜುಂಯ್' ಸದ್ದೇ ಬರದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ. ಅದೇ ನಮೂನೆಯ ಇನ್ನೊಂದು ರಿಲೇಯನ್ನು ಅಲ್ಲೇ ಅದಲುಬದಲು ಮಾಡಿ ನೋಡಬಹುದು. ಹಳೆಯ ರಿಲೇಗಳಲ್ಲಿ ಕಾಲುಗಳ ಬೆಸುಗೆ ಉಂಗುರದಂತೆ ಬಿರುಕು ಬಿಟ್ಟು ಬಿಸಿಯಲ್ಲಿ ಬಿಟ್ಟುಕೊಳ್ಳುತ್ತದೆ, ತಣಿದರೆ ಕೂಡಿಕೊಳ್ಳುತ್ತದೆ. ರಿಲೇ ಸರಿ ಇದ್ದು ಪಂಪಿನ ಕನೆಕ್ಟರಿನಲ್ಲಿ ಟೆಸ್ಟ್ ಲ್ಯಾಂಪ್ ಪೂರ್ಣ ಪ್ರಕಾಶದಲ್ಲಿ ಉರಿದು, ಪಂಪ್ ಮಾತ್ರ ತಿರುಗದಿದ್ದರೆ ಆಗ ಪಂಪ್ ಬದಲಿಸಿ. ಟ್ಯಾಂಕಿನ ತಳಕ್ಕೆ ಕೈಮುಷ್ಟಿಯಿಂದ ಗುದ್ದಿದಾಗ ಪಂಪ್ ಎಚ್ಚೆತ್ತರೆ ಅದರ ಕಾರ್ಬನ್ ಮುಗಿದಿದೆ. ಇನ್ನು ಹೆಚ್ಚು ದಿನ ನಂಬುವಂತಿಲ್ಲ. ಹೊಸ ಪಂಪ್ ಹಾಕುವಾಗ ಟ್ಯಾಂಕ್ ತೊಳೆಸಿ, ಪಂಪಿನ ಬಲೆ ಮತ್ತು ಫಿಲ್ಟರ್ ಒಟ್ಟಿಗೇ ಬದಲಿಸಿ, ಆಮೇಲೆ ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಯಲು ಬಿಡಬೇಡಿ. ವಾರಕ್ಕೆ ಒಂದು ದಿನವಾದರೂ 10–15 ಕಿಲೋಮೀಟರ್ ಪೆಟ್ರೋಲಿನಲ್ಲೇ ಓಡಿಸಿ.

ಪಂಪ್ ಸರಿಯಿದ್ದೂ ಪೆಟ್ರೋಲಿನಲ್ಲಿ ಹಿಡಿಯದಿದ್ದರೆ ಎಮ್ಯುಲೇಟರ್ (ಗ್ಯಾಸ್‌ನಲ್ಲಿ ಓಡುವಾಗ ಪೆಟ್ರೋಲ್ ಇಂಜೆಕ್ಟರುಗಳನ್ನು ತಡೆದಿಡುವ ಪೆಟ್ಟಿಗೆ) ನೋಡಿ. ಗ್ಯಾಸ್ ಕಿಟ್ ಹಾಕುವಾಗ ಪೆಟ್ರೋಲ್ ಇಂಜೆಕ್ಟರುಗಳ ವೈರು ಕತ್ತರಿಸಿ ಅದರ ಮೂಲಕ ಹಾಯಿಸಿರುತ್ತಾರೆ. ಅದು ಕೆಟ್ಟರೆ ಅಥವಾ ಆ ಜಾಯಿಂಟುಗಳು ತುಕ್ಕು ಹಿಡಿದರೆ ಇಂಜೆಕ್ಟರು ತೆರೆಯುವುದೇ ಇಲ್ಲ. ಕನೆಕ್ಟರ್ ಇರುವ ಕಿಟ್ ಆದರೆ ಎಮ್ಯುಲೇಟರನ್ನು ಬಿಟ್ಟು ನೇರ ಜೋಡಿಸಿ ಕೆಲವು ದಿನ ಪೆಟ್ರೋಲಿನಲ್ಲೇ ಓಡಿಸಿದರೆ ತಿಳಿಯುತ್ತದೆ.

ಎರಡೂ ಇಂಧನದಲ್ಲಿ ಹಿಡಿಯದಿದ್ದರೆ ಕ್ರಮ ಬೇರೆ. ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆಯೇ? ಹೊತ್ತದಿದ್ದರೆ ಬಲ್ಬ್ ಹೋಗಿಲ್ಲ ಎಂದು ಖಚಿತಪಡಿಸಿಕೊಂಡು ಮುಖ್ಯ ರಿಲೇ ಮತ್ತು ಅದರ ಫ್ಯೂಸ್ ನೋಡಿ, ಇಸಿಯುಗೆ ಕರೆಂಟೇ ಹೋಗುತ್ತಿಲ್ಲ. ಇಮ್ಮೊಬಿಲೈಜರ್ (ಸರಿಯಾದ ಚಿಪ್ ಕೀ ಇಲ್ಲದೆ ಸ್ಟಾರ್ಟ್ ಆಗಲು ಬಿಡದ ವ್ಯವಸ್ಥೆ) ಇರುವ ಕಾರಾದರೆ ಅದರ ದೀಪ ಮಿಟುಕುತ್ತಿದೆಯೇ ನೋಡಿ, ಇನ್ನೊಂದು ಕೀಯಿಂದ ಪ್ರಯತ್ನಿಸಿ, ಕೀ ಗೊಂಚಲಿನಲ್ಲಿರುವ ಬೇರೆ ಚಿಪ್ ಕೀಗಳನ್ನು ದೂರ ಇಡಿ. ಸ್ಟಾರ್ಟ್‌ನಲ್ಲಿ ಎಷ್ಟು ತಿರುಗಿಸಿದರೂ ಹಿಡಿಯದ ಎಂಜಿನ್, ಕೀಯನ್ನು ಬಿಟ್ಟು ಅದು ಆನ್‌ಗೆ ವಾಪಸಾಗುವ ಕ್ಷಣದಲ್ಲಿ ಹಿಡಿದರೆ ಮತ್ತೆ ಅದೇ ಇಗ್ನಿಷನ್ ಸ್ವಿಚ್ ಇಲ್ಲವೇ ವೋಲ್ಟೇಜ್ ಕುಸಿತ: ಸೆಲ್ಫ್ ಹೊಡೆಯುವಾಗ ಇಗ್ನಿಷನ್ ಕಡೆಯ ಕರೆಂಟ್ ಸಾಯುತ್ತಿದೆ. ಇದು ನಿಮಗೆ ಕಂಡರೆ ಎರಡೂ ತೊಂದರೆಗೆ ಒಂದೇ ಮೂಲ ಸಿಕ್ಕಂತೆ.

ಇವೆಲ್ಲ ಸರಿಯಿದ್ದರೆ ಕ್ರ್ಯಾಂಕ್ ಸೆನ್ಸರ್, ಕೆಲವು ಎಂಜಿನ್ನುಗಳಲ್ಲಿ ಕ್ಯಾಮ್ ಸೆನ್ಸರ್. ಬಿಸಿಗೆ ಕೈಕೊಟ್ಟು ತಣಿದ ಮೇಲೆ ಸರಿಹೋಗುವುದರಲ್ಲಿ ಇವು ಹೆಸರುವಾಸಿ. ಸೆಲ್ಫ್ ತಿರುಗುವಾಗ ಆರ್‌ಪಿಎಂ ಮುಳ್ಳು ಇದ್ದರೆ ಅದು ಸ್ವಲ್ಪವೂ ಅಲುಗದಿರುವುದು ಒಂದು ಸುಳಿವು. ಕಿಡಿಯೂ ಇಲ್ಲ, ಇಂಜೆಕ್ಟರಿನ ಪಲ್ಸೂ ಇಲ್ಲ ಎನ್ನುವುದು ಇನ್ನೂ ಗಟ್ಟಿ ಸುಳಿವು. ಬಾಟಲಿಯ ನೀರಿನಲ್ಲಿ ಬಟ್ಟೆ ಅದ್ದಿ ಸೆನ್ಸರಿನ ಮೇಲೆ ಒಂದೆರಡು ನಿಮಿಷ ಒತ್ತಿಡಿ, ಕನೆಕ್ಟರಿಗೆ ನೀರು ಇಳಿಯದಿರಲಿ. ಆಗ ಸ್ಟಾರ್ಟ್ ಆದರೆ ಅಪರಾಧಿ ಸಿಕ್ಕ. ಎರಡು ವೈರಿನ ಸೆನ್ಸರಾದರೆ ಬಿಸಿಯಿದ್ದಾಗಲೇ ಬಿಚ್ಚಿ ಓಮ್ ಅಳೆಯಬಹುದು; ಮೀಟರ್ ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಮೂರು ವೈರಿನದ್ದನ್ನು ಓಮ್‌ನಿಂದ ಅಳೆದು ಪ್ರಯೋಜನವಿಲ್ಲ. ಕಿಡಿ ನೋಡುವಾಗ ಪ್ಲಗ್ಗಿಗೆ ಹೋಗುವ ಎಚ್‌ಟಿ (ಹೈ ಟೆನ್ಷನ್) ವೈರನ್ನು ಗಾಳಿಯಲ್ಲಿ ಹಿಡಿಯಬೇಡಿ, ಕಾಯಿಲ್ ಹೋದೀತು. ಹೆಚ್ಚುವರಿ ಪ್ಲಗ್ ಸಿಕ್ಕಿಸಿ ಅದರ ಬಾಡಿಯನ್ನು ಎಂಜಿನ್ನಿಗೆ ಗಟ್ಟಿಯಾಗಿ ತಾಗಿಸಿಟ್ಟು ನೋಡಿ. ಇದನ್ನು ಮಾಡುವಾಗ ಪಂಪಿನ ಫ್ಯೂಸ್ ತೆಗೆದಿರಬೇಕು, ಸಿಲಿಂಡರಿನ ವಾಲ್ವ್ ಮುಚ್ಚಿರಬೇಕು.

ಸೈಲೆನ್ಸರಿನಲ್ಲಿ ಪೆಟ್ರೋಲಿನ ಕಟು ವಾಸನೆ ಬಂದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದಾಗ ಹಿಡಿದರೆ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ತೊಯ್ದಿದೆ. ಸೋರುವ ಇಂಜೆಕ್ಟರ್ ಅಥವಾ ಎಂಜಿನ್ ತಣ್ಣಗಿದೆ ಎಂದು ಸುಳ್ಳು ಹೇಳುವ ಕೂಲಂಟ್ ಸೆನ್ಸರ್ ಇದಕ್ಕೆ ಕಾರಣ. ಸಾಮಾನ್ಯವಾಗಿ ಈ ಸೆನ್ಸರ್ 20 ಡಿಗ್ರಿಯಲ್ಲಿ 2ರಿಂದ 3 ಕಿಲೋಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸುತ್ತದೆ.

ಸ್ಕ್ಯಾನರ್ ಹಾಕಿದರೆ ಎಲ್ಲ ತಿಳಿಯುತ್ತದಲ್ಲ ಎನ್ನುವವರು ಸಿಗುತ್ತಾರೆ. ಮುಂಬಯಿ-ಪುಣೆಯಲ್ಲಿ 2005ರ ಏಪ್ರಿಲ್‌ನಿಂದ ಬಿಎಸ್ 3 ಹೊಗೆ ನಿಯಮ ಬಂದರೂ, ಭಾರತದಲ್ಲಿ ಒಬಿಡಿ (ಕಾರೇ ತನ್ನ ದೋಷ ದಾಖಲಿಸಿ ಸ್ಕ್ಯಾನರಿಗೆ ತಿಳಿಸುವ ವ್ಯವಸ್ಥೆ) ನಿಯಮ ಬಿಎಸ್ 4 ಕಾರುಗಳಿಗೆ 2010ರಿಂದ ಹಂತಹಂತವಾಗಿ ಬಂದದ್ದು. ನಿಮ್ಮದು 2007ರ ಕಾರಾದ್ದರಿಂದ ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಅದರೊಂದಿಗೆ ಮಾತಾಡದೆ ಹೋದರೆ ಅಚ್ಚರಿಯಿಲ್ಲ. ಆ ಕಾಲದ ಮಾರುತಿಗಳನ್ನು ಓದುವ ಸ್ಕ್ಯಾನರ್ ಇರುವ ಗ್ಯಾರೇಜೇ ಬೇಕು. ಅದೂ ವೈರಿನ ತುಕ್ಕನ್ನು, ಸವೆದ ಸ್ವಿಚ್ಚನ್ನು ತೋರಿಸುವುದಿಲ್ಲ.

ಚೀಟಿಯಲ್ಲಿ ಮಳೆಯ ದಿನಗಳೇ ಹೆಚ್ಚಾಗಿ ಕಂಡರೆ ಮಾತ್ರ ಎಚ್‌ಟಿ ವೈರು, ಕಾಯಿಲಿನ ಬಿರುಕು, ಫ್ಯೂಸ್ ಬಾಕ್ಸಿನ ತೇವ ನೋಡಿ. ಕತ್ತಲಲ್ಲಿ ಬಾನೆಟ್ ತೆರೆದು ಎಂಜಿನ್ ಓಡಿಸಿ ಸ್ಪ್ರೇ ಬಾಟಲಿಯಿಂದ ಮಂಜಿನಂತೆ ನೀರು ಹಾಯಿಸಿದರೆ ಸೋರುವ ಕಡೆ ನೀಲಿ ಕಿಡಿ ಕಾಣುತ್ತದೆ. ಬೆಲ್ಟ್, ಫ್ಯಾನುಗಳಿಂದ ಕೈ ದೂರ ಇರಲಿ. ಸೊಸೈಟಿಯ ಪಾರ್ಕಿಂಗಿನಲ್ಲಿ ಇಲಿ ಹೆಗ್ಗಣಗಳಿದ್ದರೆ ವೈರಿಂಗನ್ನು ಒಮ್ಮೆ ಕೈಯಾಡಿಸಿ ನೋಡುವುದು ಯಾವ ಋತುವಿನಲ್ಲೂ ವ್ಯರ್ಥವಲ್ಲ.

ಚೌತಿಯ ಪ್ರಯಾಣ

ಈ ವಾರ ಟರ್ಮಿನಲ್, ಅರ್ತಿಂಗ್ ಬಿಚ್ಚಿ ಉಜ್ಜಿಸಿ, ಡ್ರಾಪ್ ಅಳೆಯಿರಿ. ಹೇಗೂ ಮಾಡಬೇಕಾದ ಕೆಲಸ ಅದು. ಪೆಟ್ರೋಲ್ 10 ಲೀಟರ್ ತುಂಬಿಸಿ. ಆಮೇಲೆ ಮಾಮೂಲಿನಂತೆ ಓಡಿಸಿ, ಬೇಕೆಂದೇ ಬಿಸಿ ಎಂಜಿನ್ನನ್ನು 15 ನಿಮಿಷ ನಿಲ್ಲಿಸಿ ಸ್ಟಾರ್ಟ್ ಮಾಡುತ್ತಾ ಬನ್ನಿ. ಕೈಕೊಟ್ಟರೆ ಮೇಲಿನ ಕ್ರಮದಲ್ಲಿ ಪರೀಕ್ಷಿಸಿ ಬರೆದಿಟ್ಟ ಅಂಕಿಗಳನ್ನು ಮೆಕ್ಯಾನಿಕ್ ಕೈಗೆ ಕೊಡಿ. 'ಸೊಲೆನಾಯ್ಡ್ ವೈರಿನಲ್ಲಿ 8.4 ವೋಲ್ಟ್ ಇತ್ತು' ಎಂದರೆ ಒಳ್ಳೆಯ ಎಲೆಕ್ಟ್ರಿಷಿಯನ್‌ಗೆ ಮುಂದೆ ವಿವರಿಸಬೇಕಿಲ್ಲ.

ದೋಷ ಇಂಥದ್ದೇ ಎಂದು ಗೊತ್ತಾಗಿ ಸರಿಪಡಿಸಿದ ಮೇಲೆ ಎರಡು ವಾರ ಒಮ್ಮೆಯೂ ಕೈಕೊಡದಿದ್ದರೆ ಹೊರಡಿ. ಏನೂ ಮಾಡದೆಯೇ ತಾನಾಗಿ ನಿಂತುಹೋದರೆ ಅದನ್ನು ರಿಪೇರಿಯ ಲೆಕ್ಕಕ್ಕೆ ಹಿಡಿಯಬೇಡಿ. ಹೆದ್ದಾರಿ 66ರಲ್ಲಿ ಹಬ್ಬದ ದಟ್ಟಣೆ ಇರುತ್ತದೆ, ಕಶೇಡಿ ಘಾಟಿಯ ಆಸುಪಾಸಿನಲ್ಲಿ ಬಿಸಿ ಎಂಜಿನ್ ನಿಲ್ಲಿಸುವ ಪ್ರಸಂಗ ಬಂದೇ ಬರುತ್ತದೆ. ದಾರಿಯಲ್ಲಿ ಸೆಲ್ಫ್ ತಿರುಗದಿದ್ದರೆ ಎರಡನೇ ಗೇರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಬಹುದು. ಆದರೆ ಸೆಲ್ಫ್ ತಿರುಗಿಯೂ ಹಿಡಿಯದ ಎಂಜಿನ್ನನ್ನು ತಳ್ಳಬೇಡಿ, ಸುಡದ ಪೆಟ್ರೋಲ್ ಹೋಗಿ ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಹೊರಡುವ ಮೊದಲು ಗ್ಯಾಸ್ ಸಿಲಿಂಡರಿನ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಪ್ಲೇಟಿನ ದಿನಾಂಕವನ್ನೂ ನೋಡಿಕೊಳ್ಳಿ: 3 ವರ್ಷಕ್ಕೊಮ್ಮೆ ಮಾಡಿಸಿರಬೇಕು, ಅವಧಿ ಮೀರಿದ್ದರೆ ಬಂಕಿನವರು ಗ್ಯಾಸ್ ತುಂಬಲು ಒಪ್ಪದಿರಬಹುದು. ಅಷ್ಟರೊಳಗೆ ದೋಷ ಸಿಗದಿದ್ದರೆ ಈ ಸಲಕ್ಕೆ ಕಾರು ಬಿಟ್ಟು ಮತ್ಸ್ಯಗಂಧಾ ರೈಲಿಗೆ ಹೋಗುವುದು ವಾಸಿ. ಹಬ್ಬದ ಟಿಕೆಟ್ಟು ಬೇಗ ಮುಗಿಯುತ್ತದೆ, ಅದನ್ನು ಈಗಲೇ ಕಾದಿರಿಸಿ. ಕಾರು ಸರಿಹೋದರೆ ಆಮೇಲೆ ರದ್ದು ಮಾಡಬಹುದು.